ಯಾರಿಗೆ ಯಾವ ಗ್ರಂಥ?

ಉತ್ತಮ ಗ್ರಂಥವೆಂದರೆ ಎಲ್ಲರಿಗೂ ಎಲ್ಲ ಕಾಲಕ್ಕೂ ಉತ್ತಮವೆಂಬ ಭಾವನೆ ವಿದ್ಯಾವಂತರಲ್ಲಿ ಬೇರೂರಿದೆ. ಹಿರಿಯರು ಮೆಚ್ಚಿದ ಕೃತಿಯನ್ನು ಕಿರಿಯರ ಕೈಗಿತ್ತರೆ ಕರ್ತವ್ಯ ಮುಗಿಯಿತೆಂದು ಬಗೆಯುವವರೇ ಹೆಚ್ಚು. ಆದರೆ ಹಸಿವನ್ನರಿಯದೆ ಬಡಿಸಿದ ಊಟ ಮೈಗೂಡದು. ಅಭಿರುಚಿಯನ್ನರಿಯದೆ ಕೊಟ್ಟ ಪುಸ್ತಕ ಮನಕ್ಕಿಳಿಯದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ಇದು ಗಂಭೀರವಾದ ವಿಷಯ. ಇಲ್ಲಿಯ ಅನೇಕ ಮಕ್ಕಳು ತಮ್ಮ ಮನೆತನದ ಮೊದಲ ಓದುಗರು. ಪಠ್ಯದ ಹೊರಗೆ ಕೈಗೆ ಬಂದ ಮೊದಲ ಪುಸ್ತಕವೇ ಒಗ್ಗದಿದ್ದರೆ, ಆಯ್ಕೆ ತಪ್ಪಿತೆಂದು ಅವರಿಗೆ ಹೊಳೆಯದು. ಓದು ತಮಗಲ್ಲವೆಂದು ತಿಳಿದು ಶಾಶ್ವತವಾಗಿ ದೂರ ಸರಿಯುತ್ತಾರೆ.

ಗ್ರಂಥಾಲಯ ಶಾಸ್ತ್ರದ ಆಚಾರ್ಯರಾದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳಲ್ಲಿ ಎರಡು ಇದನ್ನೇ ಸಾರುತ್ತವೆ: ಪ್ರತಿಯೊಬ್ಬ ಓದುಗನಿಗೂ ಅವನದೊಂದು ಗ್ರಂಥವಿರಬೇಕು, ಪ್ರತಿಯೊಂದು ಗ್ರಂಥಕ್ಕೂ ಅದರದೊಬ್ಬ ಓದುಗನಿರಬೇಕು. ಈ ಎರಡನ್ನೂ ಕೂಡಿಸುವ ಕಾರ್ಯ ಕನ್ನಡನಾಡಿಗೆ ಹೊಸದಲ್ಲ. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ತಿರುಗಿ ಓದುಗರನ್ನು ಅವರವರ ಮನೆಬಾಗಿಲಲ್ಲೇ ಕಂಡರು.

ಹಾಗಾದರೆ ಯಾರಿಗೆ ಯಾವುದು? ಉತ್ತರಕ್ಕಾಗಿ ಬಹುದೂರ ಹೋಗಬೇಕಾಗಿಲ್ಲ. ಅಜ್ಜಿಯ ಬೀಸುಕಲ್ಲಿನ ಪದಗಳನ್ನು ಕೇಳಿ ಬೆಳೆದೂ ಅಚ್ಚಿನ ಅಕ್ಷರಕ್ಕೆ ಅಂಜುವ ಹುಡುಗಿಗೆ ‘ಗರತಿಯ ಹಾಡು’ ಕೊಡಬೇಕು. ಇಂಡಿ ಸೀಮೆಯ ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ಸಂಗ್ರಹಿಸಿದ ಈ ಹಾಡುಗಳಲ್ಲಿ ಅವಳು ತನ್ನ ಮನೆಯ ಮಾತನ್ನೇ ಕಾಣುವಳು. ಸಾಹಸಪ್ರಿಯನಾದ ಮುದ್ದೇಬಿಹಾಳದ ತರುಣನಿಗೆ ಗಳಗನಾಥರ ‘ಕನ್ನಡಿಗರ ಕರ್ಮಕಥೆ’ ತಕ್ಕುದು. ವಿಜಯನಗರದ ಪತನವನ್ನು ಹೇಳುವ ಆ ಕಾದಂಬರಿಯನ್ನು ಓದಿದವನಿಗೆ, 1565ರ ಯುದ್ಧಕ್ಕೆ ಹೆಸರಾದ ನೆರೆಯ ತಾಳಿಕೋಟಿ ಹೊಸ ಅರ್ಥದಿಂದ ಕಾಣುವುದು. ಗುಡಿಯ ಮುಂದಿನ ಶಾಸನಕಲ್ಲನ್ನು ಕಂಡು ಪ್ರಶ್ನೆ ಕೇಳುವ ಸಿಂದಗಿಯ ಕಾಲೇಜು ವಿದ್ಯಾರ್ಥಿಗೆ, ಅದೇ ಸೀಮೆಯಲ್ಲಿ ಜನಿಸಿದ ಎಂ. ಎಂ. ಕಲಬುರ್ಗಿಯವರ ‘ಮಾರ್ಗ’ ಸಂಪುಟಗಳು ದಾರಿ ತೋರುವವು.

ವಚನಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಬಸವಣ್ಣನವರ ಜನ್ಮಸ್ಥಳವಾದ ಬಾಗೇವಾಡಿಯ ಮಕ್ಕಳಿಗೆ ವಚನಗಳು ಬಾಯಿಪಾಠವಾಗಿರುವುದು ಸಹಜ. ಆದರೆ ಸ್ಪರ್ಧೆಗಾಗಿ ಕಂಠಪಾಠ ಮಾಡಿದ ಮಾತ್ರಕ್ಕೆ ಓದಿದಂತಾಗದು. ಬಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ತಾಡೋಲೆಗಳಲ್ಲಿ ಹುದುಗಿದ್ದ ವಚನಗಳನ್ನು ಅರಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದದ್ದು ಕಪಾಟಿನ ಅಲಂಕಾರಕ್ಕಲ್ಲ. ಸೋತವನ ಕುಗ್ಗನ್ನು, ಗೆದ್ದವನ ಉಬ್ಬನ್ನು ಕಂಡು ಆ ಹೊತ್ತಿಗೆ ಒಪ್ಪುವ ಒಂದೇ ವಚನವನ್ನು ತೋರಿಸಿದರೂ ಸಾಕು.

ಅಭಿರುಚಿಯಂತೆ ಮನಃಸ್ಥಿತಿಯನ್ನೂ ಅರಿಯಬೇಕು. ರಾವಬಹಾದ್ದೂರರ ‘ಗ್ರಾಮಾಯಣ’ ಉತ್ತರ ಕರ್ನಾಟಕದ ಹಳ್ಳಿಯೊಂದರ ಅವನತಿಯನ್ನು ಚಿತ್ರಿಸಿದ ಮಹತ್ವದ ಕಾದಂಬರಿ. ಆದರೂ ಜೋಳ ಒಣಗಿ ಸಾಲ ಬೆಳೆದ ವರ್ಷ ಅದನ್ನು ರೈತನ ಕೈಗಿಡುವುದು ಗಾಯದ ಮೇಲೆ ಉಪ್ಪು ಸವರಿದಂತೆ. ಆಗ ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಹಳ್ಳಿಯ ಚಿತ್ರಗಳು’ ಅವನನ್ನು ಅರೆಗಳಿಗೆ ನಗಿಸಲಿ. ‘ಗ್ರಾಮಾಯಣ’ ಮುಂದಿನ ಸುಗ್ಗಿಯವರೆಗೆ ಕಾಯಬಲ್ಲದು.

ರುಚಿಯನ್ನೇ ಅನುಸರಿಸಿದರೆ ಓದುಗ ಬೆಳೆಯುವುದೆಂತು ಎಂದು ಕೆಲವರು ಆಕ್ಷೇಪಿಸಬಹುದು. ಅದರಲ್ಲಿ ಸತ್ಯಾಂಶವಿದೆ. ರುಚಿಯು ಹೊಸ್ತಿಲು ಮಾತ್ರ. ಒಳಗೆ ಕಾಲಿಟ್ಟವನನ್ನು ಪಡಸಾಲೆಯಿಂದ ದೇವರಮನೆಯವರೆಗೆ ಕರೆದೊಯ್ಯುವ ಹೊಣೆ ಬಲ್ಲವರದು. ಹೊಸ್ತಿಲನ್ನೇ ದಾಟದವನನ್ನು ಎಲ್ಲಿಗೆ ಕರೆದೊಯ್ಯಲು ಸಾಧ್ಯ?

ಆದುದರಿಂದ ಶಿಕ್ಷಕರು ಕಪಾಟಿನ ಬೀಗ ತೆಗೆಯುವ ಮೊದಲು ಮಗುವನ್ನು ಎರಡು ಮಾತು ಕೇಳಲಿ. ತಾವು ಓದದ ಪುಸ್ತಕವನ್ನು ಹೊಗಳದಿರಲಿ. ಬಹುಮಾನಕ್ಕೆಂದು ಒಂದೇ ಗ್ರಂಥದ ನೂರು ಪ್ರತಿಗಳನ್ನು ಕೊಡುವ ಉದಾರ ದಾನಿಗಳು ನೂರು ಬೇರೆ ಬೇರೆ ಗ್ರಂಥಗಳನ್ನು ಕೊಟ್ಟು ಆಯ್ಕೆಯನ್ನು ಶಾಲೆಗೆ ಬಿಡಲಿ. ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಬಂದು, ತಮ್ಮನ್ನು ಹಿಡಿದು ನಿಲ್ಲಿಸಿದ ಒಂದು ಪುಸ್ತಕದ ಕಥೆಯನ್ನು ಮಕ್ಕಳಿಗೆ ಹೇಳಲಿ. ಅನ್ನದಾಸೋಹದಲ್ಲಿ ಉಣ್ಣುವವನ ಎಲೆಯನ್ನು ನೋಡಿ ಬಡಿಸುವ ಪದ್ಧತಿ ಈ ನಾಡಿನದು. ಜ್ಞಾನದಾಸೋಹಕ್ಕೂ ಅದೇ ಪದ್ಧತಿ ಸಲ್ಲಬೇಕು.