ನಗುವುದೂ ಕನ್ನಡದ ಹಕ್ಕೇ!

ಕನ್ನಡದ ತರುಣ ಗೆಳೆಯರೇ,

ಹೋದ ತಿಂಗಳು ನನ್ನ ಪ್ರೆಸ್ಸಿಗೆ ಇಬ್ಬರು ಹುಡುಗರು ಬಂದರು. ಕನ್ನಡ ಸ್ಟ್ಯಾಂಡ್ ಅಪ್ ಕಾಮಿಡಿ ಕಾರ್ಯಕ್ರಮಕ್ಕೆ ನೂರು ಪೋಸ್ಟರ್ ಬೇಕೆಂದರು. ಮ್ಯಾಟರ್ ನೋಡಿದರೆ ಪೂರ್ತಿ ಇಂಗ್ಲಿಷು! "ಕನ್ನಡದ ಕಾರ್ಯಕ್ರಮಕ್ಕೆ ಇಂಗ್ಲಿಷ್ ಪೋಸ್ಟರ್ ಯಾಕ್ರಪ್ಪಾ?" ಎಂದೆ. "ಕನ್ನಡದಲ್ಲಿ ಹಾಕಿದ್ರೆ ನಮ್ ವಯಸ್ಸಿನೋರು ಯಾವ್ದೋ ಪ್ರವಚನ ಅನ್ಕೊಂಡು ಬರಲ್ಲ ಸಾರ್" ಎಂದ ಒಬ್ಬ. ಇನ್ನೊಬ್ಬ ಗೋಡೆಯ ಮೇಲಿದ್ದ ಹಳದಿ-ಕೆಂಪು ಬಾವುಟ ನೋಡಿ ಮೆಲ್ಲಗೆ ಕೇಳಿದ: "ಸಾರ್, ಅದ್ರಲ್ಲಿ ಐದು ನಿಮಿಷ ಕನ್ನಡ ಹೋರಾಟಗಾರರ ಬಗ್ಗೆನೂ ಇದೆ. ಗಲಾಟೆ ಏನೂ ಆಗಲ್ಲ ಅಲ್ವಾ?"

ಎರಡು ಮಾತೂ ಎದೆಗೆ ನಾಟಿದವು. ಮೊದಲ ಮಾತು ನಿಮ್ಮ ತಪ್ಪು, ಎರಡನೆಯದು ನಮ್ಮ ತಪ್ಪು. ಎರಡನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ಕೇಳಿ.

ಶನಿವಾರ ಸಂಜೆ ಇಂದಿರಾನಗರ, ಕೋರಮಂಗಲದ ಕಡೆ ಹೋಗಿ ನೋಡಿ. ನೂರಾರು ರೂಪಾಯಿ ಟಿಕೆಟ್ ಕೊಟ್ಟು ಇಂಗ್ಲಿಷು, ಹಿಂದಿ ಹಾಸ್ಯ ಕೇಳುವವರ ಸಾಲಿನಲ್ಲಿ ನಮ್ಮ ಮಂಡ್ಯದವರಿದ್ದಾರೆ, ಹುಬ್ಬಳ್ಳಿಯವರಿದ್ದಾರೆ, ಶಿವಮೊಗ್ಗದವರಿದ್ದಾರೆ. ಬೇರೆ ಭಾಷೆಯಲ್ಲಿ ನಗಬೇಡಿ ಎಂದು ನಾನು ಹೇಳುವುದಿಲ್ಲ. ನಗುವಿಗೆ ಗಡಿ ಹಾಕುವವನು ಮೂರ್ಖ. ಆದರೆ ನಮ್ಮ ಆಟೋ ಚಾಲಕನ ಉಚ್ಚಾರಣೆ, "ಕನ್ನಡ್ ಗೊತ್ತಿಲ್ಲ" ಎಂಬ ಹಳಸಲು ಮಾತು, ಇವೇ ಅಲ್ಲಿ ನಗೆಯ ಸರಕಾದಾಗ ನೀವೂ ಚಪ್ಪಾಳೆ ತಟ್ಟುತ್ತೀರಲ್ಲ, ಆ ಚಾಲಕ ನಿಮ್ಮ ಚಿಕ್ಕಪ್ಪನೇ ಆಗಿರಬಹುದು ಎಂಬುದು ನೆನಪಾಗುವುದಿಲ್ಲವೇ?

ಮೈಕಿನ ಮುಂದೆ ಒಬ್ಬನೇ ನಿಂತು ನಗಿಸುವುದು ಅಮೆರಿಕದಿಂದಲೇ ಬರಬೇಕಿತ್ತೇ? ನಮ್ಮ ಹರಿಕಥೆ ದಾಸರು ಉಪಕಥೆಯಲ್ಲಿ ಮಾಡುತ್ತಿದ್ದುದೇನು? ಯಕ್ಷಗಾನದ ಹಾಸ್ಯಗಾರ ಮಾಡುವುದೇನು? ಅರ್ಧ ಇಂಗ್ಲಿಷು, ಅರ್ಧ ಕನ್ನಡ ಮಾತಾಡುವ ಪಾತ್ರಗಳನ್ನು ರಂಗಕ್ಕೆ ತಂದು, ಹಾಗೆ ಮಾತಾಡುವವರನ್ನೇ ನಗಿಸಿದವರು ಟಿ.ಪಿ. ಕೈಲಾಸಂ. ಡಾ. ಎಂ. ಶಿವರಾಂ, ಅಂದರೆ ನಮ್ಮ ರಾಶಿ, 1942ರಲ್ಲಿ ಆರಂಭಿಸಿದ 'ಕೊರವಂಜಿ' ಬರೀ ಹಾಸ್ಯವನ್ನೇ ನಂಬಿ 25 ವರ್ಷ ನಡೆಯಿತು. ಆರ್.ಕೆ. ಲಕ್ಷ್ಮಣ್ ಅವರ ಆರಂಭದ ವ್ಯಂಗ್ಯಚಿತ್ರಗಳು ಬಂದದ್ದು ಅದರಲ್ಲೇ. ಬೀchi ತಮ್ಮ ತಿಂಮನ ಬಾಯಲ್ಲಿ ಆಡಿಸದ ಮಾತಿಲ್ಲ. 'ಲಂಚಾವತಾರ'ದ ಮಾಸ್ಟರ್ ಹಿರಣ್ಣಯ್ಯ ಅಧಿಕಾರದಲ್ಲಿದ್ದವರನ್ನು ರಂಗದ ಮೇಲೆಯೇ ಝಾಡಿಸಿದರು. ಗಂಗಾವತಿ ಪ್ರಾಣೇಶ್ ಇಂದಿಗೂ ಒಂದು ಮೈಕು ಹಿಡಿದು ಊರಿಗೆ ಊರನ್ನೇ ನಗಿಸುತ್ತಿದ್ದಾರೆ. ಇಷ್ಟೆಲ್ಲ ಮನೆಯಲ್ಲಿಟ್ಟುಕೊಂಡು ಪಕ್ಕದ ಮನೆಗೆ ನಗು ಸಾಲ ಕೇಳಲು ಹೋಗುತ್ತೇವೆ!

ಅದೆಲ್ಲ ಹಳೆಯ ಕಾಲದ್ದು ಎನ್ನಬೇಡಿ. ಸಿನಿಮಾ ನೋಡಿ. ಮಂಡ್ಯ ಸೀಮೆಯ ನೊದೆಕೊಪ್ಪಲಿನ ಜನರನ್ನೇ ನಟರನ್ನಾಗಿ ಮಾಡಿ ತೆಗೆದ 'ತಿಥಿ' 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೋ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಗೆದ್ದಿತು. ಸಾವಿನ ಮನೆಯಲ್ಲೂ ನಗೆ ಹುಡುಕಿದ ಚಿತ್ರವದು. 2017ರ 'ಒಂದು ಮೊಟ್ಟೆಯ ಕಥೆ'ಯ ನಾಯಕ ತಲೆಕೂದಲಿಲ್ಲದ ಕನ್ನಡ ಮೇಷ್ಟ್ರು. ಹೆಣ್ಣು ಸಿಗದ ಆತನ ಪಾಡು ನೋಡಿ ನಕ್ಕೆವು. ನಗುನಗುತ್ತಲೇ ಕನ್ನಡ ಮೇಷ್ಟ್ರಿಗೆ ಈ ಸಮಾಜ ಕೊಟ್ಟಿರುವ ಬೆಲೆ ಎಷ್ಟೆಂಬುದೂ ಅರ್ಥವಾಯಿತು. 2018ರ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು' ನೆನಪಿದೆಯೇ? ಗಡಿನಾಡ ಕನ್ನಡ ಶಾಲೆಯ ಸಂಕಟದ ಬಗ್ಗೆ ನಾವು ಸಾವಿರ ಕರಪತ್ರ ಹಂಚಿದ್ದೇವೆ. ಆ ಚಿತ್ರ ಮಕ್ಕಳ ತುಂಟತನದಿಂದ ಮಾಡಿದ ಕೆಲಸವನ್ನು ನಮ್ಮ ಕರಪತ್ರಗಳು ಮಾಡಲಿಲ್ಲ. ಕರಪತ್ರ ಅಚ್ಚು ಹಾಕಿದವನೇ ಈ ಮಾತು ಹೇಳುತ್ತಿದ್ದೇನೆ! ಇನ್ನು 2025ರ 'ಸು ಫ್ರಮ್ ಸೋ'. ಕರಾವಳಿಯ ಒಂದು ಹಳ್ಳಿ, ಒಂದು ದೆವ್ವದ ಗುಲ್ಲು, ಅಷ್ಟೇ. ದೊಡ್ಡ ಕಟೌಟಿನ ನಾಯಕನಿಲ್ಲದೆಯೂ ಹೌಸ್‌ಫುಲ್ ಬೋರ್ಡು ಬಿತ್ತು. ನಗಿಸುವ ಶಕ್ತಿ ಕನ್ನಡಕ್ಕಿದೆ. ಬೇಕಾಗಿರುವುದು ದುಡ್ಡು ಕೊಟ್ಟು ನಗುವವರು.

ವ್ಯಾಪಾರಿ ಗಿರಾಕಿ ಇರುವಲ್ಲಿಗೆ ಹೋಗುತ್ತಾನೆ. ಅಮೆಜಾನಿನವರು 'ಕಾಮಿಕ್‌ಸ್ತಾನ್' ಎಂಬ ಹಾಸ್ಯ ಸ್ಪರ್ಧೆಯನ್ನು 2018ರಲ್ಲಿ ಹಿಂದಿಯಲ್ಲಿ ಶುರು ಮಾಡಿದರು. 2020ರಲ್ಲಿ ಅದು ತಮಿಳಿಗೂ ಬಂತು. ಕನ್ನಡಕ್ಕೆ ಬರಲಿಲ್ಲ! ಬೆಂಗಳೂರಿನಲ್ಲಿ 'ಲೋಲ್‌ಬಾಗ್' ತಂಡದಂತಹ ಹುಡುಗರು ಕನ್ನಡದಲ್ಲೇ ನಿಂತು ನಗಿಸುತ್ತಿರುವಾಗಲೂ ಬರಲಿಲ್ಲ. ಕಂಪನಿಯನ್ನು ಬೈಯುವುದು ಸುಲಭ. ಆದರೆ ಎದೆ ಮುಟ್ಟಿ ಹೇಳಿ, ನೀವು ಕನ್ನಡ ಹಾಸ್ಯಕ್ಕೆ ಕೊನೆಯ ಸಲ ಟಿಕೆಟ್ ಕೊಂಡದ್ದು ಯಾವಾಗ? ನಾಮಫಲಕದಲ್ಲಿ ಶೇಕಡಾ 60 ಕನ್ನಡವಿರಬೇಕೆಂದು 2024ರಲ್ಲಿ ಕಾನೂನು ಬಂತು. ನಿಮ್ಮ ನಗುವಿನಲ್ಲಿ ಶೇಕಡಾ ಎಷ್ಟು ಕನ್ನಡವಿರಬೇಕೆಂದು ಯಾವ ವಿಧಾನಸೌಧವೂ ಕಾನೂನು ಮಾಡಲಾರದು. ಅದನ್ನು ನೀವೇ ಮಾಡಬೇಕು.

ಇನ್ನು ನಮ್ಮ ತಪ್ಪು. ಆ ಹುಡುಗನ ಕಾರ್ಯಕ್ರಮಕ್ಕೆ ನಾನೇ ಹೋದೆ. ಅವನು ರಾಜ್ಯೋತ್ಸವದ ವೇದಿಕೆಯ ಮೇಲೆ ಗಂಟಲು ಹರಿದುಕೊಳ್ಳುವ ಹೋರಾಟಗಾರನ ಅನುಕರಣೆ ಮಾಡಿದ. ಭಾಷಣ ಮುಗಿಸಿ ಕೆಳಗಿಳಿದ ಆ ಮನುಷ್ಯ ಫೋನ್ ತೆಗೆದು ಮಗನ ಕಾನ್ವೆಂಟಿನ ಮಿಸ್ಸಿಗೆ "ಎಸ್ ಮೇಡಂ, ಶೂರ್ ಮೇಡಂ" ಎನ್ನುತ್ತಾನೆ. ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆಮೇಲೆ ಸುಮ್ಮನಾದೆ. ನನ್ನ ಮಗಳೂ ಇಂಗ್ಲಿಷ್ ಮಾಧ್ಯಮದಲ್ಲೇ ಓದುತ್ತಿದ್ದಾಳೆ.

ಆ ಹುಡುಗ ಭಯಪಟ್ಟುಕೊಂಡು ನಮ್ಮ ಅನುಮತಿ ಕೇಳಿದನಲ್ಲ, ಅದು ನಮಗೆ ಗೌರವವಲ್ಲ, ಅವಮಾನ. ಕನ್ನಡದಲ್ಲಿ ನಗಿಸಬೇಕು, ಆದರೆ ನಮ್ಮನ್ನು ನೋಡಿ ನಗಬಾರದು ಎಂದರೆ ಯಾವ ನ್ಯಾಯ? ನಾವು ಕಣ್ಣು ಕೆಂಪಗೆ ಮಾಡಿದರೆ ಅವನೇನೂ ನಗಿಸುವುದನ್ನು ಬಿಡುವುದಿಲ್ಲ, ಇಂಗ್ಲಿಷಿಗೆ ಹೋಗುತ್ತಾನೆ. ಹೆದರಿಸಿ ಒಬ್ಬ ಕನ್ನಡಿಗನನ್ನು ಕನ್ನಡದಿಂದ ಓಡಿಸಿದರೆ ಅದೆಂಥ ಕನ್ನಡ ಕಟ್ಟುವ ಕೆಲಸ? ನಮ್ಮ ಸಂಘಟನೆಗಳ ಗೆಳೆಯರಿಗೆ ಕೈಮುಗಿದು ಹೇಳುತ್ತೇನೆ: ಹಾಸ್ಯಗಾರನ ಮುಂದೆ ಕೈ ಎತ್ತುವುದಾದರೆ ಅದು ಚಪ್ಪಾಳೆಗಿರಲಿ.

ಅಂದ ಹಾಗೆ, ಆ ನೂರು ಪೋಸ್ಟರನ್ನು ಕನ್ನಡದಲ್ಲೇ ಅಚ್ಚು ಹಾಕಿದೆ. ಕೆಳಗೆ ದಪ್ಪಕ್ಷರದಲ್ಲಿ 'ಇದು ಪ್ರವಚನವಲ್ಲ!' ಎಂದು ಸೇರಿಸಿಕೊಟ್ಟೆ. 80 ಕುರ್ಚಿಯ ಹಾಲಿನಲ್ಲಿ 50 ತುಂಬಿದ್ದವು. ಉಳಿದ 30 ಕುರ್ಚಿ ಖಾಲಿ ಇದ್ದವು. ಅವು ನಿಮ್ಮವು ಗೆಳೆಯರೇ, ಬಂದು ಕೂತುಕೊಳ್ಳಿ!

ಸಿರಿಗನ್ನಡಂ ಗೆಲ್ಗೆ!