ಮೋಟಾರು ಸೈಕಲ್ಲಿಗೆ ಯಾವ ಎಣ್ಣೆ?

ಗಾಜುವಾಕದಿಂದ ವಿಶಾಖಪಟ್ಟಣಕ್ಕೆ ಹೋಗಿಬರುವವರಿಗೆ ಮಲ್ಕಾಪುರದ ತೈಲ ಶುದ್ಧೀಕರಣಾಗಾರ ಹೊಸದಲ್ಲ. 1957ರಲ್ಲಿ ಕಾಲ್‌ಟೆಕ್ಸ್ ಕಂಪನಿಯವರು ಆರಂಭಿಸಿದ ಈ ಕಾರ್ಖಾನೆ ಈಗ ಹಿಂದೂಸ್ತಾನ್ ಪೆಟ್ರೋಲಿಯಂ ಸಂಸ್ಥೆಯದು. ಇಲ್ಲಿನ ಆಟೋನಗರದಲ್ಲಾಗಲಿ ವಿಜಯವಾಡದ ಆಟೋನಗರದಲ್ಲಾಗಲಿ ಎಂಜಿನ್ ಎಣ್ಣೆಗೆ ಕೊರತೆಯಿಲ್ಲ. ಬಣ್ಣಬಣ್ಣದ ಡಬ್ಬಿಗಳು ಅಂಗಡಿಗಳಲ್ಲಿ ಸಾಲುಗಟ್ಟಿ ನಿಂತಿರುತ್ತವೆ. ಅವುಗಳಲ್ಲಿ ತನ್ನ ವಾಹನಕ್ಕೆ ಒಪ್ಪುವುದಾವುದೆಂಬ ತಿಳಿವಳಿಕೆಗೆ ಮಾತ್ರ ನಮ್ಮವರಲ್ಲಿ ಬರ ಬಂದಿದೆ.

ಇದು ಅಲ್ಪ ವಿಷಯವೆಂದು ಯಾರೂ ಭಾವಿಸಕೂಡದು. ಉಡುಪಿ, ಕುಂದಾಪುರಗಳ ಕಡೆಯಿಂದ ಬಂದು ಇಲ್ಲಿ ಹೋಟೆಲಿನಲ್ಲಿ ದುಡಿಯುವ ಹುಡುಗನಿಗೆ ಮೋಟಾರು ಸೈಕಲ್ಲು ಷೋಕಿಯ ವಸ್ತುವಲ್ಲ. ಪಾರ್ಸೆಲ್ ಒಯ್ಯುವುದು ಅದರಲ್ಲಿ, ಮಾರುಕಟ್ಟೆಯಿಂದ ತರಕಾರಿ ತರುವುದು ಅದರಲ್ಲಿ. ಕಂತು ಇನ್ನೂ ತೀರಿರುವುದಿಲ್ಲ. ಎಣ್ಣೆಯಲ್ಲಿ ಒಂದು ನೂರು ರೂಪಾಯಿ ಉಳಿಸಹೋಗಿ ಎಂಜಿನ್ ಬಿಚ್ಚಿಸಬೇಕಾಗಿ ಬಂದರೆ ಊರಿಗೆ ಕಳುಹಿಸಬೇಕಾದ ಹಣ ಗ್ಯಾರೇಜಿನ ಪಾಲಾಗುತ್ತದೆ.

ಹಿಂದೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1996ರ ತನಕ ಹೊರಬಂದ ಜಾವಾ, ಯೆಜ್ದಿಗಳಲ್ಲಿ ಪೆಟ್ರೋಲಿನೊಡನೆಯೇ ಎಣ್ಣೆ ಬೆರೆಸುತ್ತಿದ್ದರು. ಗೇರಿನ ಪೆಟ್ಟಿಗೆಗೆ ಬೇರೆ ಎಣ್ಣೆ ಇರುತ್ತಿತ್ತು. ಇಂದು ನಮ್ಮವರು ಓಡಿಸುವ ನಾಲ್ಕು ಸ್ಟ್ರೋಕಿನ ಮೋಟಾರು ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಎಂಜಿನ್, ಕ್ಲಚ್ಚು, ಗೇರು ಮೂರಕ್ಕೂ ಒಂದೇ ಎಣ್ಣೆ. ಆದಕಾರಣ ಕಾರಿಗೆ ಹಾಕಿ ಉಳಿದದ್ದನ್ನು ಇದಕ್ಕೆ ಸುರಿಯುವುದು ತಪ್ಪು. ಅನೇಕ ಕಾರಿನ ಎಣ್ಣೆಗಳಲ್ಲಿ ಘರ್ಷಣೆಯನ್ನು ತಗ್ಗಿಸುವ ದ್ರವ್ಯಗಳನ್ನು ಸೇರಿಸಿರುತ್ತಾರೆ. ಎಣ್ಣೆಯಲ್ಲಿ ಮುಳುಗಿರುವ ಮೋಟಾರು ಸೈಕಲ್ಲಿನ ಕ್ಲಚ್ಚಿಗಾದರೋ ಘರ್ಷಣೆಯೇ ಜೀವಾಳ. ಅದು ಜಾರತೊಡಗಿದರೆ ಎಂಜಿನ್ ಅರಚುತ್ತದೆ, ಗಾಡಿ ಮುಂದೆ ಹೋಗದು.

ಈ ಭೇದವನ್ನು ತಿಳಿಸಲೆಂದೇ ಜಪಾನಿನವರು 1998ರಲ್ಲಿ ‘ಜಾಸೋ’ ಎಂಬ ಗುರುತನ್ನು ಜಾರಿಗೆ ತಂದರು. ಡಬ್ಬಿಯ ಮೇಲೆ ‘ಎಂ.ಎ.’ ಅಥವಾ ‘ಎಂ.ಎ.2’ ಎಂದಿದ್ದರೆ ಅದು ಒದ್ದೆ ಕ್ಲಚ್ಚಿನ ಮೋಟಾರು ಸೈಕಲ್ಲಿಗೆ ಸಲ್ಲುವುದು, ‘ಎಂ.ಬಿ.’ ಎಂದಿದ್ದರೆ ಗೇರಿಲ್ಲದ ಸ್ಕೂಟರಿನಂತಹ ವಾಹನಕ್ಕೆ. ಸ್ಕೂಟರಿನ ಡಬ್ಬಿಯಲ್ಲಿ ಉಳಿದದ್ದನ್ನು ಮೋಟಾರು ಸೈಕಲ್ಲಿಗೆ ಹಾಕುವ ಮುನ್ನ ಈ ಎರಡಕ್ಷರಗಳನ್ನು ನೋಡಬೇಕು.

ಎರಡನೆಯದು ಮಂದತೆಯ ಅಂಕಿ. 10ಡಬ್ಲ್ಯೂ-30 ಎಂಬಲ್ಲಿ ಮೊದಲನೆಯದು ಚಳಿಯಲ್ಲಿ ಎಣ್ಣೆ ಹರಿಯುವ ಬಗೆಯನ್ನೂ, ಎರಡನೆಯದು 100 ಡಿಗ್ರಿ ಶಾಖದಲ್ಲಿ ಅದು ಉಳಿಸಿಕೊಳ್ಳುವ ಮಂದತೆಯನ್ನೂ ಸೂಚಿಸುತ್ತದೆ. ವಿಜಯವಾಡದ ಬಿಸಿಲಿಗೆ ಮಂದವಾದ ಎಣ್ಣೆಯೇ ಮೇಲೆಂದು ವಾದಿಸುವವರುಂಟು. ಮಂದವಾದುದೆಲ್ಲ ಬಲವಾದುದೆಂಬುದು ಭ್ರಮೆ. ಸ್ಪ್ಲೆಂಡರಿಗೆ ಅದರ ಕಂಪನಿ ಹೇಳುವುದು 10ಡಬ್ಲ್ಯೂ-30. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ಕ್ಕೆ ಹೇಳುವುದು 15ಡಬ್ಲ್ಯೂ-50. ಒಂದರದನ್ನು ಇನ್ನೊಂದಕ್ಕೆ ಹಾಕಿ ಜಾಣತನ ತೋರಬೇಕಾದುದಿಲ್ಲ. ಬೆಲೆಬಾಳುವ ಸಿಂಥೆಟಿಕ್ ಎಣ್ಣೆಯಾದರೂ ಅಂಕಿಯೂ ಗುರುತೂ ಹೊಂದದಿದ್ದರೆ ಪ್ರಯೋಜನವಿಲ್ಲ. ಹೊಂದಿದರೆ ಸಾಧಾರಣ ಎಣ್ಣೆಯೂ ಸಾಕು.

ನಮ್ಮ ಅಡುಗೆಮನೆಯವರಿಗೆ ಎಣ್ಣೆಯ ಅನುಭವ ಬಹಳ. ಕರಿದ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳು ಶೇಕಡಾ 25ನ್ನು ಮೀರಿದರೆ ಅದನ್ನು ಬಳಸಬಾರದೆಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿರುವುದೂ ಅವರಿಗೆ ಗೊತ್ತು. ಆದರೆ ಬಾಣಲೆಯ ಕಣ್ಣಳತೆ ಎಂಜಿನ್ನಿಗೆ ಸಲ್ಲದು. ಒಳ್ಳೆಯ ಎಂಜಿನ್ ಎಣ್ಣೆ ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದರಿಂದಲೇ ಕಪ್ಪಾಗುತ್ತದೆ. ಹಾಲಿನಂತೆ ಬಿಳುಪಾಗಿ ಕಂಡರೆ ಮಾತ್ರ ನೀರು ಸೇರಿದೆಯೆಂದು ಎಚ್ಚರಗೊಳ್ಳಬೇಕು. ಬದಲಾಯಿಸುವ ಕಾಲವನ್ನು ಬಣ್ಣ ನೋಡಿ ನಿರ್ಧರಿಸದೆ ಕೈಪಿಡಿಯಲ್ಲಿ ಹೇಳಿದ ಕಿಲೋಮೀಟರಿನ ಲೆಕ್ಕದಿಂದ ನಿರ್ಧರಿಸಬೇಕು. ದಿನವಿಡೀ ನಿಂತು ನಿಂತು ಓಡುವ ಪಾರ್ಸೆಲ್ ಗಾಡಿಗೆ ಆ ಅವಧಿಗಿಂತ ಮುಂಚೆಯೇ ಬದಲಾಯಿಸುವುದು ಲೇಸು. ಡ್ರಮ್ಮಿನಿಂದ ಅಳೆದು ಕೊಡುವ ಬಿಡಿ ಎಣ್ಣೆಯ ಗೋಜಿಗಂತೂ ಹೋಗಬಾರದು; ಮುದ್ರೆ ಒಡೆಯದ ಡಬ್ಬಿಯನ್ನು ಬಿಲ್ಲಿನೊಡನೆ ಕೊಂಡು, ಕಣ್ಣೆದುರಿಗೇ ಹಾಕಿಸಿ, ಬರಿದಾದ ಡಬ್ಬಿಯನ್ನು ಮತ್ತೆ ತುಂಬಿ ಮಾರದಂತೆ ಕತ್ತರಿಸಿ ಎಸೆಯಬೇಕು.

“ಇದೆಲ್ಲ ಮೆಕ್ಯಾನಿಕ್ಕನಿಗೆ ಗೊತ್ತಿಲ್ಲವೇ?” ಎಂದು ಕೇಳುವವರಿದ್ದಾರೆ. ಗೊತ್ತಿರುವವರು ಬೇಕಾದಷ್ಟಿದ್ದಾರೆ, ಅವರ ಮೇಲೆ ನಮಗೆ ಅವಿಶ್ವಾಸವಿಲ್ಲ. ಆದರೆ ಹತ್ತು ತರಹದ ಗಾಡಿಗಳಿಗೆ ಕೈಗೆಟುಕಿದ ಒಂದೇ ಎಣ್ಣೆಯನ್ನು ಸುರಿಯುವವರೂ ಇದ್ದಾರೆ. ನಷ್ಟವಾಗುವುದು ಗಾಡಿಯವನಿಗೆ; ಆದುದರಿಂದ ಆಯ್ಕೆಯೂ ಅವನದೇ ಆಗಬೇಕು.

ಕೈಪಿಡಿ ಇಂಗ್ಲಿಷಿನಲ್ಲಿದೆ, ಅಂಗಡಿಯವನು ತೆಲುಗಿನಲ್ಲಿ ಹೇಳುತ್ತಾನೆ, ನಮ್ಮ ಹುಡುಗ ಎರಡಕ್ಕೂ ತಲೆಯಾಡಿಸಿ ಬರುತ್ತಾನೆ. ಇಲ್ಲಿಯೇ ನಮ್ಮ ಗುಮಾಸ್ತ ಬಂಧುಗಳ ಕರ್ತವ್ಯವಿದೆ. ಗಲ್ಲಾದಲ್ಲಿ ಕುಳಿತು ಲೆಕ್ಕ ಬರೆಯುವವರು ವಾರದ ಬಿಡುವಿನಲ್ಲಿ ಅರ್ಧ ಗಂಟೆ ಕೊಟ್ಟು, ಹೋಟೆಲಿನ ಪ್ರತಿಯೊಂದು ಗಾಡಿಯ ಕೈಪಿಡಿಯನ್ನು ಓದಿ, ಎಣ್ಣೆಯ ಅಂಕಿ, ಗುರುತು, ಅಳತೆ, ಬದಲಾಯಿಸುವ ಅವಧಿ ಇಷ್ಟನ್ನು ಕನ್ನಡದಲ್ಲಿ ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಸಾಕು.

ಮಾಲೀಕರಿಗೂ ಒಂದು ಮಾತು. ಹುಡುಗನ ಸ್ವಂತ ಗಾಡಿಯಲ್ಲಿ ಹೋಟೆಲಿನ ಪಾರ್ಸೆಲ್ ಹೋಗುತ್ತಿರುವಾಗ ಪೆಟ್ರೋಲಿಗೆ ಕಾಸು ಕೊಟ್ಟು ಎಣ್ಣೆಯ ಖರ್ಚನ್ನು ಅವನ ಸಂಬಳಕ್ಕೆ ಬಿಡುವುದು ನ್ಯಾಯವಲ್ಲ. ಒಲೆಯ ಗ್ಯಾಸಿನ ಹಣವನ್ನು ಅಡುಗೆಭಟ್ಟರಿಂದ ನಾವೆಂದಾದರೂ ಕೇಳಿದ್ದುಂಟೇ? ಗಾಡಿಯ ಎಣ್ಣೆಯೂ ಅಂಥದೇ ವ್ಯಾಪಾರದ ಖರ್ಚು. ಅದನ್ನು ಹೋಟೆಲಿನ ಲೆಕ್ಕದಲ್ಲಿ ಬರೆಯುವ ಪದ್ಧತಿಯನ್ನು ನಮ್ಮ ಮಾಲೀಕರು ಬರುವ ತಿಂಗಳಿನಿಂದಲೇ ಆರಂಭಿಸಲೆಂದು ಆಶಿಸುತ್ತೇವೆ.