ಮೈಕಿನ ಹಿಂದಿನ ಅಪ್ಪ

ಮಕ್ಕಳೇ, ಈ ವಾರ ತಾತ ಬ್ಯಾಂಕಿನ ಲೆಕ್ಕ ಬಿಟ್ಟು ಫುಟ್‌ಬಾಲ್ ಹಿಡಿದಿದ್ದಾನೆ ಎಂದು ಖುಷಿಪಡಬೇಡಿ. 270 ರೂಪಾಯಿಯ ಒಂದು ಲೆಕ್ಕ ನಡುವೆ ಬಂದೇ ಬರುತ್ತದೆ.

ನನ್ನ ಮಗ ಬೆಂಗಳೂರಿನಲ್ಲಿ ಕ್ರೀಡಾ ವರದಿಗಾರ. ಪತ್ರಿಕೆಗೆ ಬರೆಯುತ್ತಾನೆ, ಕೆಲವು ದಿನ ಟಿ.ವಿ.ಯಲ್ಲಿ ಫುಟ್‌ಬಾಲ್ ಪಂದ್ಯಗಳಿಗೆ ಕನ್ನಡದಲ್ಲಿ ವೀಕ್ಷಕ ವಿವರಣೆಯನ್ನೂ ಕೊಡುತ್ತಾನೆ. ಹುಣಸೂರಿನ ನಮ್ಮ ಬೀದಿಯಲ್ಲಿ ಅವನ ದನಿ ಗುರುತಿಸುವವರು ಹತ್ತಾರು ಜನ. 'ನಿಮ್ಮ ಮಗನಿಗೆ ಉಸಿರು ಕಟ್ಟೋದೇ ಇಲ್ವಾ ಸ್ವಾಮಿ?' ಎಂದು ಹಾಲಿನವನು ಕೇಳಿದ್ದುಂಟು. ಕಟ್ಟುತ್ತದೆ. ಅದೇ ಈ ವಾರದ ಕಥೆ.

ಅವನ ಕೆಲಸದ ಹೊತ್ತು ನಮ್ಮಂಥವರಿಗೆ ಅರ್ಥವಾಗುವುದು ಕಷ್ಟ. ಯುರೋಪಿನ ದೊಡ್ಡ ಪಂದ್ಯಗಳು ನಮ್ಮ ಗಡಿಯಾರದಲ್ಲಿ ರಾತ್ರಿ 12.30ಕ್ಕೋ 1.30ಕ್ಕೋ ಶುರು. ಮುಗಿದ ಮೇಲೆ ವರದಿ. ಮಲಗುವಾಗ ಕಾಗೆ ಕೂಗುತ್ತಿರುತ್ತದೆ. ಎಲ್ಲರಿಗೂ ರಜೆ ಇರುವ ಶನಿವಾರ, ಭಾನುವಾರ ಅವನಿಗೆ ತುಂಬಿದ ಕೆಲಸ. ಸೊಸೆ ಹಾಟ್‌ಬಾಕ್ಸಿನಲ್ಲಿ ಇಟ್ಟ ಚಪಾತಿ ಹಾಗೇ ಉಳಿದು, ಚಿಪ್ಸಿನ ಪೊಟ್ಟಣ ಖಾಲಿಯಾಗಿರುತ್ತದೆ.

ಎಷ್ಟೋ ಸಲ ರಾತ್ರಿ ನನಗೇ ಫೋನು. 'ಅಪ್ಪಾ, ಆಫ್‌ಸೈಡ್ ಅನ್ನೋದನ್ನ ಹಳ್ಳಿ ಅಜ್ಜಿಗೂ ತಿಳಿಯೋ ಹಾಗೆ ಹೇಳ್ಬೇಕು, ಏನ್ ಹೇಳ್ಲಿ?'

ನಾನು ನಿದ್ದೆಗಣ್ಣಿನಲ್ಲೇ ಹೇಳಿದೆ. 'ಹೊಗೆಸೊಪ್ಪಿನ ಸೀಸನ್ನಲ್ಲಿ ನಮ್ಮ ಕೌಂಟರ್ ಮುಂದೆ ಕ್ಯೂ ಇರ್ತಿತ್ತಲ್ಲ. ಒಬ್ಬ ಕ್ಯೂ ದಾಟಿ ಮೊದಲೇ ಕೌಂಟರ್ ಬಾಯಿಗೆ ಹೋಗಿ ನಿಂತಿರ್ತಾನೆ. ಹಿಂದಿನಿಂದ ಅವನ ಭಾವಮೈದ ಪಾಸ್‌ಬುಕ್ ದಾಟಿಸ್ತಾನೆ. ಪಾಸ್‌ಬುಕ್ ಭಾವಮೈದನ ಕೈ ಬಿಟ್ಟ ಗಳಿಗೇಲಿ ಇವನು ಎಲ್ಲಿ ನಿಂತಿದ್ದ ಅನ್ನೋದೇ ಪ್ರಶ್ನೆ. ಎಲ್ಲರಿಗಿಂತ ಮುಂದೆ ನಿಂತಿದ್ರೆ ಚೀಟಿ ವಾಪಸ್.'

ಅವನು ನಕ್ಕು ಅದನ್ನೇ ಟಿ.ವಿ.ಯಲ್ಲಿ ಹೇಳಿದನಂತೆ. ಆಟದ ನಿಯಮವೂ ಹೆಚ್ಚುಕಡಿಮೆ ಅದೇ. ಜೊತೆಗಾರ ಚೆಂಡು ಒದ್ದ ಗಳಿಗೆಯಲ್ಲಿ, ಎದುರಾಳಿಯ ಅಂಗಳದಲ್ಲಿರುವ ನೀವು ಚೆಂಡಿಗಿಂತಲೂ, ಎದುರಾಳಿಗಳಲ್ಲಿ ಕೊನೆಯಿಂದ ಎರಡನೆಯವನಿಗಿಂತಲೂ ಗೋಲ್ ಗೆರೆಗೆ ಹತ್ತಿರವಿದ್ದು, ಆಟದಲ್ಲಿ ಕೈಹಾಕಿದರೆ ಆಫ್‌ಸೈಡ್. ಕೈಹಾಕಿದರೆ ಅಂದೆನಲ್ಲ, ಕಾಲು ಅಂತ ಓದಿಕೊಳ್ಳಿ.

ಇಷ್ಟೆಲ್ಲ ಹೇಳುವ ಮನುಷ್ಯನಿಗೆ ಹೋದ ವರ್ಷ ಡಾಕ್ಟರು ಸಕ್ಕರೆ ಇದೆ, ಬಿ.ಪಿ. ಇದೆ ಎಂದರು. ವಯಸ್ಸು 42. ನಮ್ಮ ಸುನಿಲ್ ಛೆಟ್ರಿಗಿಂತ ಒಂದೇ ವರ್ಷ ದೊಡ್ಡವನು. ಛೆಟ್ರಿ 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ಕಣ್ಣೀರಿಟ್ಟು ಭಾರತ ತಂಡಕ್ಕೆ ವಿದಾಯ ಹೇಳಿದರು. 2025ರ ಮಾರ್ಚ್‌ನಲ್ಲಿ 40ರ ವಯಸ್ಸಿನಲ್ಲಿ ಮತ್ತೆ ಬಂದು ಶಿಲ್ಲಾಂಗ್‌ನಲ್ಲಿ ಮಾಲ್ದೀವ್ಸ್ ವಿರುದ್ಧ ಗೋಲನ್ನೂ ಹೊಡೆದರು. ಆ ಗೋಲನ್ನು ವರ್ಣಿಸಿದ ನನ್ನ ಮಗ ಅದೇ ತಿಂಗಳು ನಮ್ಮ ಮನೆಯ ಮಹಡಿ ಹತ್ತಿ, ನೀರಿನ ಟ್ಯಾಂಕಿಗೆ ಒರಗಿ ಎರಡು ನಿಮಿಷ ಮಾತಾಡಲಿಲ್ಲ. ಮಹಡಿಗೆ ಇರುವುದು 17 ಮೆಟ್ಟಿಲು. ಎಣಿಸಿದ್ದೇನೆ, ಗುಮಾಸ್ತನ ಚಾಳಿ.

ಅವನ ಮಗಳು ಆರನೇ ಕ್ಲಾಸು. ಶಾಲೆಯ ತಂಡದಲ್ಲಿ ಆಡುತ್ತಾಳೆ. ಕೋಣೆಯ ಗೋಡೆಯ ಮೇಲೆ ಛೆಟ್ರಿಯ ಚಿತ್ರ ಅಂಟಿಸಿಕೊಂಡಿದ್ದಾಳೆ. ಛೆಟ್ರಿಯ ತಾಯಿಯೂ ಫುಟ್‌ಬಾಲ್ ಆಟಗಾರ್ತಿ ಎಂದು ಅವಳಿಗೆ ಹೇಳಿದಾಗ, 'ಹಾಗಾದ್ರೆ ಅವರಮ್ಮ ಮ್ಯಾಚ್ ನೋಡೋಕೆ ಬರ್ತಿದ್ರು ಬಿಡು' ಎಂದಳು. ಮಾತು ಎತ್ತ ಹೋಗುತ್ತಿದೆ ಎಂದು ನನಗೆ ಆಗ ಹೊಳೆಯಲಿಲ್ಲ. ದಸರಾ ರಜೆಗೆ ಹುಣಸೂರಿಗೆ ಬಂದವಳು ಒಂದು ಸಂಜೆ ಲಕ್ಷ್ಮಣತೀರ್ಥದ ಸೇತುವೆಯ ಮೇಲೆ ನಿಂತು ಪೂರ್ತಿ ಹೇಳಿದಳು.

'ತಾತ, ಅಪ್ಪ ಎಲ್ಲರ ಗೋಲನ್ನೂ ಊರಿಗೆಲ್ಲ ಹೇಳ್ತಾರೆ. ಈ ವರ್ಷ ನಾನು ಎರಡು ಹೊಡೆದಿದ್ದೀನಿ. ಒಂದನ್ನೂ ನೋಡಿಲ್ಲ.'

ಅವಳ ಪಂದ್ಯಗಳಿರುವುದು ಶನಿವಾರ. ನೋಡುವುದಕ್ಕೆ ಅಮ್ಮ ಹೋಗುತ್ತಾಳೆ, ಮೊಬೈಲಿನಲ್ಲಿ ಹಿಡಿದು ತರುತ್ತಾಳೆ. ಅಪ್ಪ ರಾತ್ರಿ ಅದನ್ನು ನೋಡಿ 'ಸೂಪರ್ ಕಣೋ' ಎನ್ನುತ್ತಾನೆ. ಅಷ್ಟೇ.

ನನಗೆ ಗಂಟಲು ಕಟ್ಟಿತು. ಯಾಕೆಂದರೆ ಆ ಖಾತೆಯಲ್ಲಿ ಮೊದಲ ಸಾಲ ಮಾಡಿದವನು ನಾನು.

1997. ಸೆಪ್ಟೆಂಬರಿನ ಒಂದು ಶನಿವಾರ. ಮಗನ ಶಾಲೆಗೆ ತಾಲ್ಲೂಕು ಮಟ್ಟದ ಪಂದ್ಯ, ಮಧ್ಯಾಹ್ನ 2 ಗಂಟೆಗೆ. ಬರುತ್ತೇನೆ ಎಂದು ಮಾತು ಕೊಟ್ಟಿದ್ದೆ. ಆಗ ಶನಿವಾರ ಬ್ಯಾಂಕು ಅರ್ಧ ದಿನ. ಆದರೆ ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಹರಾಜಿನ ಕಾಲ ಬಂತೆಂದರೆ ಬ್ಯಾಂಕಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಅದರ ಮೇಲೆ ಅರ್ಧವಾರ್ಷಿಕ ಲೆಕ್ಕ ಮುಗಿಸುವ ತಿಂಗಳು. ಆ ದಿನ ಲೆಕ್ಕ ಕೂಡಲಿಲ್ಲ. 270 ರೂಪಾಯಿ ವ್ಯತ್ಯಾಸ.

ಮಕ್ಕಳೇ, ಇಲ್ಲೊಂದು ಉಪಾಯ ಕಲಿತುಕೊಳ್ಳಿ. ವ್ಯತ್ಯಾಸ 9ರಿಂದ ಸರಿಯಾಗಿ ಭಾಗವಾದರೆ, ಯಾರೋ ಅಂಕಿಗಳನ್ನು ಅದಲುಬದಲು ಬರೆದಿರುವ ಸಾಧ್ಯತೆ ಹೆಚ್ಚು. 54ನ್ನು 45 ಎಂದು ಬರೆದರೆ ವ್ಯತ್ಯಾಸ 9, 81ನ್ನು 18 ಎಂದರೆ 63. ನೀವೇ ಮಾಡಿ ನೋಡಿ. 270 ಅಂದರೆ 9ರ 30 ಪಾಲು. ಹಾಗಾಗಿ ಏನು ಹುಡುಕಬೇಕೆಂದು ಗೊತ್ತಿತ್ತು, ಎಲ್ಲಿ ಎಂದು ಗೊತ್ತಿರಲಿಲ್ಲ. ಕೊನೆಗೆ ಸಿಕ್ಕಿತು. 630ನ್ನು 360 ಎಂದು ಬರೆದಿತ್ತು. ಬರೆದ ಕೈ ನನ್ನದೇ. ಗಡಿಯಾರದಲ್ಲಿ 5.30.

ಮೈದಾನಕ್ಕೆ ಓಡಿದೆ. ಮೇಯುವ ಎರಡು ಎಮ್ಮೆ ಬಿಟ್ಟರೆ ಯಾರೂ ಇರಲಿಲ್ಲ. ಮನೆಯಲ್ಲಿ ಮಗ ಮೊಣಕಾಲಿಗೆ ಅರಿಸಿನ ಹಚ್ಚಿಸಿಕೊಂಡು ಕೂತಿದ್ದ. 'ಏನಾಯ್ತೋ?' ಎಂದೆ. 'ಸೋತ್ವಿ' ಎಂದ. ಅವನು ಒಂದು ಗೋಲ್ ಹೊಡೆದಿದ್ದ ವಿಷಯ ಸೋಮವಾರ ನಮ್ಮ ಅಟೆಂಡರು ಹೇಳಿ ನನಗೆ ಗೊತ್ತಾಯಿತು. ಅವರು ನೋಡಿದ್ದರು, ನಾನು ನೋಡಿರಲಿಲ್ಲ. ಆಮೇಲೆ ಅವನು ನನ್ನನ್ನು ಯಾವ ಪಂದ್ಯಕ್ಕೂ ಕರೆಯಲಿಲ್ಲ. ನಾನೂ ಆ ಮಾತು ಎತ್ತಲಿಲ್ಲ. ಇಪ್ಪತ್ತೆಂಟು ವರ್ಷ.

ಮಗಳನ್ನು ಕರೆದುಕೊಂಡು ಹೋಗಲು ಅವನು ಬಂದಾಗ, ಬೈಲಕುಪ್ಪೆಗೆ ಹೋಗಿಬರೋಣ ಎಂದೆ. ಚಿನ್ನದ ದೇವಾಲಯ ನೋಡಲಿಕ್ಕೆ ಎಂದು ಅವನೆಣಿಸಿದ. ನನ್ನ ಮನಸ್ಸಿನಲ್ಲಿದ್ದದ್ದು ಮೈದಾನ. ನಮ್ಮ ಸೀಮೆಯಲ್ಲಿ ಫುಟ್‌ಬಾಲನ್ನು ಮನೆಮಾತು ಮಾಡಿಕೊಂಡವರು ಯಾರು ಎಂದರೆ ನಾನು ಟಿಬೆಟಿಯನ್ನರತ್ತ ಬೆರಳು ತೋರಿಸುತ್ತೇನೆ. 1960ರ ಸುಮಾರಿಗೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲೂ, 1970ರ ದಶಕದಲ್ಲಿ ನಮ್ಮ ಹುಣಸೂರಿನ ಗುರುಪುರದಲ್ಲೂ ಅವರ ಕ್ಯಾಂಪುಗಳಾದವು. ಕಾಡು ಕಡಿದು ಜೋಳ ಬೆಳೆದರು, ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರಿದರು, ಬಿಡುವಾದಾಗ ಚೆಂಡು ಒದ್ದರು. ದಲೈ ಲಾಮಾ ಅವರ ತಾಯಿಯ ನೆನಪಿನಲ್ಲಿ ಅವರದ್ದೇ ಒಂದು ಗೋಲ್ಡ್ ಕಪ್ ಪಂದ್ಯಾವಳಿ ಇದೆ. 2001ರ ಜೂನ್ 30ರಂದು ಟಿಬೆಟ್ ಎಂಬ ಹೆಸರಿನ ತಂಡ ಕೋಪನ್‌ಹೇಗನ್‌ನಲ್ಲಿ ಗ್ರೀನ್‌ಲ್ಯಾಂಡ್ ವಿರುದ್ಧ ಆಡಿ 4-1ರಿಂದ ಸೋತಿತು. ದೇಶ ಕೈಯಲ್ಲಿಲ್ಲದವರಿಗೆ ತಂಡವಾದರೂ ಇತ್ತು.

ನಾವು ಹೋದಾಗ ಕ್ಯಾಂಪಿನ ಹುಡುಗರ ಆಟ ನಡೆದಿತ್ತು. ಗೆರೆಯಾಚೆ ಕೆಂಪು ವಸ್ತ್ರದ ಇಬ್ಬರು ಎಳೆಯ ಭಿಕ್ಷುಗಳು ಕಡಲೆಕಾಯಿ ತಿನ್ನುತ್ತ ನೋಡುತ್ತಿದ್ದರು. ಹುಲ್ಲಿನ ಮೇಲೆ ಕೂತೆವು. ಮಗ ರೂಢಿಯಂತೆ ನನ್ನ ಕಿವಿಯಲ್ಲಿ ಸಣ್ಣದನಿಯಲ್ಲಿ ವಿವರಣೆ ಶುರು ಮಾಡಿದ. 'ಎಡಗಡೆ ಹುಡುಗನ್ನ ನೋಡಿ ಅಪ್ಪಾ, ಚೆಂಡು ಬರೋಕೆ ಮುಂಚೆನೇ ತಲೆ ಎತ್ತಿ ನೋಡ್ಕೋತಾನೆ.' ನಾನು ಅಡ್ಡ ಬಾಯಿ ಹಾಕಿ 1997ರ ಶನಿವಾರವನ್ನು ಹೇಳಿಬಿಟ್ಟೆ. 270 ರೂಪಾಯಿ, 5.30, ಎಮ್ಮೆ, ಎಲ್ಲ.

ಅವನು ಮೈದಾನದಿಂದ ಕಣ್ಣು ತೆಗೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, 'ನೀವು ಬರ್ತೀರಾ ಅಂತ ಅರ್ಧ ಆಟ ಗೇಟ್ ಕಡೆನೇ ನೋಡ್ತಿದ್ದೆ' ಎಂದ. ಆಮೇಲೆ, 'ಅವಳೂ ನೋಡ್ತಾಳಾ?' ಎಂದ. ನಾನು ಏನೂ ಹೇಳಲಿಲ್ಲ.

ಹುಡುಗರ ಆಟ ಮುಗಿದ ಮೇಲೆ ಮೊಮ್ಮಗಳು ಅವರ ಚೆಂಡು ಕೇಳಿ ತಂದು ಅಪ್ಪನನ್ನು ಎಳೆದಳು. ಹತ್ತು ನಿಮಿಷ ಆಡಿದ. ಪಂದ್ಯ ಪೂರ್ತಿ ಆಡುವವರು ಸುಮಾರು 10 ಕಿ.ಮೀ. ಓಡುತ್ತಾರೆ ಎಂದು ಟಿ.ವಿ.ಯಲ್ಲಿ ಹೇಳುವವನು, ಹತ್ತೇ ನಿಮಿಷಕ್ಕೆ ಸೊಂಟ ಹಿಡಿದು ಕೂತ. ಭಿಕ್ಷುಗಳು ಕಡಲೆಕಾಯಿ ಕೊಟ್ಟರು.

ಈಗ ದಿನಾ 40 ನಿಮಿಷ ನಡೆಯುತ್ತಾನೆ. ವಾರಕ್ಕೆ 150 ನಿಮಿಷವಾದರೂ ದೊಡ್ಡವರು ಮೈ ದಣಿಸಬೇಕು, ನಿಮ್ಮಂಥ ಮಕ್ಕಳು ದಿನಕ್ಕೆ ಒಂದು ಗಂಟೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಚಿಪ್ಸು ನಿಂತಿಲ್ಲ, ಕಡಿಮೆಯಾಗಿದೆ ಎಂದು ಸೊಸೆಯ ವರದಿ. ಕಚೇರಿಯಲ್ಲಿ ಕೇಳಿಕೊಂಡು ತಿಂಗಳಿಗೊಂದು ಶನಿವಾರ ಬಿಡುವು ಪಡೆದಿದ್ದಾನೆ. ಒಂದು ಸಾಲದು ಎಂಬುದು ನನ್ನ ಮತ. ಆದರೆ ಸೊನ್ನೆಯಿಂದ ಒಂದಕ್ಕೆ ಬರುವುದು ಎಷ್ಟು ಕಷ್ಟವೆಂದು ಸಾಲ ವಸೂಲಿಗೆ ಓಡಾಡಿದ ನನಗೆ ಗೊತ್ತು.

ಹೋದ ತಿಂಗಳ ಆ ಶನಿವಾರ ಮೊಮ್ಮಗಳಿಗೆ ಪೆನಾಲ್ಟಿ ಸಿಕ್ಕಿತಂತೆ. ಅಪ್ಪ ಗೆರೆಯ ಹೊರಗೇ ನಿಂತಿದ್ದ. ಅವಳು ಒದ್ದದ್ದು ಕಂಬದ ಆಚೆ ಹೋಯಿತು. ಮಾತನ್ನೇ ದುಡಿಮೆ ಮಾಡಿಕೊಂಡವನಿಗೆ ಆ ಹೊತ್ತಿನಲ್ಲಿ ಒಂದು ಮಾತೂ ಬರಲಿಲ್ಲವಂತೆ.

ದಾರಿಯಲ್ಲಿ ಅವಳು ಕಾರಿನ ಕಿಟಕಿಗೆ ಮುಖ ಒತ್ತಿ ಅಳುತ್ತಿದ್ದಾಗ 1948ರ ಕಥೆ ಹೇಳಿದ. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ಸ್. ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ, ಫ್ರಾನ್ಸ್ ಎದುರು 2-1ರಿಂದ ಸೋತಿತು. ನಮ್ಮ ಒಂದೇ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದ್ದು. ನಮಗೆ ಎರಡು ಪೆನಾಲ್ಟಿ ಸಿಕ್ಕಿದ್ದವು, ಎರಡೂ ಹೋದವು.

'ಎರಡೂನಾ?' ಎಂದು ಅವಳು ತಿರುಗಿದಳಂತೆ. 'ಶೂ ಜಾರ್ತಾ?'

'ಬಹಳ ಜನ ಬರಿಗಾಲಲ್ಲೇ ಆಡಿದ್ದು ಕಣೋ.'

'ನಂಗೆ ಶೂ ಇತ್ತಲ್ಲಪ್ಪ' ಎಂದು ಅವಳು ಇನ್ನೂ ಜೋರಾಗಿ ಅತ್ತಳಂತೆ.

ಇದನ್ನು ಮಗ ನನಗೆ ಹೇಳಿದ್ದು ಫೋನಿನಲ್ಲಿ, ಬೆಳಗಿನ ನಡಿಗೆಯ ನಡುವೆ. 'ಮುಂದಿನ ಮ್ಯಾಚ್ ಯಾವತ್ತು?' ಎಂದು ಕೇಳಿದೆ. ದಿನಾಂಕ ಹೇಳಿದ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದೇನೆ. ಹುಣಸೂರಿನಿಂದ ಬೆಳಗಿನ ಮೊದಲ ಬಸ್ಸು ಹಿಡಿದರೆ ಸಾಕು.